ಮೊದಲ ಹೆಣ್ಣುಗರು

ಸರಕಾರದ ಹಸು ಕೈಗೆ ಬಂದ ವಾರದೊಳಗೇ ಸೆಲಾನಿ ಅದನ್ನು ಗುಡ್ಡದ ಮೇಲಿನ ದೊರ್ಸೆನ್‌ಗೆ ಪಾಲಿಗೆ ಬಿಟ್ಟು ಬಂದಳು. ಅದರಲ್ಲಿ ಕದ್ದುಮುಚ್ಚಿ ಮಾಡಿದ್ದು ಏನೂ ಇರಲಿಲ್ಲ. ಹಾಡುಹಗಲೇ ಹೊಡೆದುಕೊಂಡು ಹೋಗಿದ್ದಳು, ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡೇ ಹೋಗಿದ್ದಳು.

ರಾಕ್ ಬ್ಲಾಂಶ್ ಊರಿನಲ್ಲಿ ದನದ ಒಡತಿ ಎಂದರೆ ಅಂಗಳದಲ್ಲಿ ಸಗಣಿ ಇಲ್ಲದವಳು. ದಿನಕ್ಕೆರಡು ಸಲ ಗೂಟ ಕಿತ್ತು ಬೇರೆ ಕಡೆ ಹೊಡೆಯುವುದು, ಹೊಳೆಗೆ ಕರೆದುಕೊಂಡು ಹೋಗುವುದು, ಕಿವಿಯ ಸಂದಿಯ ಉಣ್ಣಿ ಕೀಳುವುದು, ಇವೆಲ್ಲ ಸಾಕುವವರ ಪಾಡು. ಒಡತಿಯಾದವಳು ಸಂತೆಗೆ ಹೋಗುವಾಗ ಕತ್ತೆ ನಿಲ್ಲಿಸಿ, ಇಳಿಯದೆಯೇ, “ಹೇಗಿದೆ ನಮ್ಮದು?” ಎಂದು ಕೇಳಿ ಮುಂದೆ ಹೋಗುತ್ತಾಳೆ. ಸೆಲಾನಿ ಲಂಗ ಹಾಕಿಕೊಳ್ಳುವ ವಯಸ್ಸಿನಿಂದಲೂ ಆ ಪ್ರಶ್ನೆಗೆ ಉತ್ತರ ಹೇಳಿದವಳು. ಮೊದಲು ಅಪ್ಪನ ಜೊತೆ, ಆಮೇಲೆ ಗಂಡನ ಜೊತೆ, ಅವನು ಗಡಿಯಾಚೆ ಕಬ್ಬು ಕಡಿಯಲು ಹೋಗಿ ಅಲ್ಲೇ ಇನ್ನೊಂದು ಸಂಸಾರ ಹೂಡಿದ ಮೇಲೆ ಒಬ್ಬಳೇ. ಈಗಲೂ ಅವಳ ಅಂಗಳದಲ್ಲಿ ಕಟ್ಟಿದ್ದ ಬಿಳಿ ಹಸು ಇಂಚ್ ಪಟ್ಟಣದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಮಾದಾಂ ಪ್ರೆವಿಲ್‌ರದ್ದು. ಒಂದು ಸಲವಾದರೂ ಆ ಪ್ರಶ್ನೆಯನ್ನು ತಾನು ಕೇಳಬೇಕು ಎಂಬ ಆಸೆ ಅವಳಿಗೆ ಇತ್ತು. ಸರಕಾರ ಕೊಟ್ಟ ತನ್ನ ಕಂದು ಹಸುವನ್ನು ತಾನೇ ಸಾಕುವುದೆಂದರೆ, ಹೊಸ ಬಟ್ಟೆ ಹೊಲಿಸಿ ಅದನ್ನು ಹೊಲಕ್ಕೆ ಉಟ್ಟುಕೊಂಡು ಹೋದ ಹಾಗೆ ಅನ್ನಿಸಿತ್ತು.

ಯೋಜನೆಯ ಮಾತನ್ನು ಕೃಷಿ ಅಧಿಕಾರಿ ಲುಬೆನ್ ಶಾಲೆಯ ಜಗಲಿಯ ಮೇಲೆ ನಿಂತು ಬಿಡಿಸಿ ಹೇಳಿದ್ದ. ಸರಕಾರ ಗಬ್ಬದ ಹಸು ಕೊಡುತ್ತದೆ. ಸಾಲ ಹಸುವಿನದು, ತೀರಿಸುವುದೂ ಹಸುವಿನಲ್ಲೇ. ಹುಟ್ಟಿದ ಮೊದಲ ಹೆಣ್ಣುಗರು ಹಾಲು ಬಿಟ್ಟ ಮೇಲೆ ಸರದಿಯಲ್ಲಿ ಮುಂದಿರುವವಳಿಗೆ ಹೋಗಬೇಕು. ಅಲ್ಲಿಗೆ ಹಸು ನಿಮ್ಮದು. ಹೆಂಗಸರೆಲ್ಲ ತಲೆಯಾಡಿಸಿದರು. ಸೆಲಾನಿಯೂ ಆಡಿಸಿದಳು. ಸಾಕಿದವನ ಪಾಲು ತೆಗೆದ ಮೇಲಲ್ಲವೇ ಯಾವ ಲೆಕ್ಕವಾದರೂ ಶುರುವಾಗುವುದು? ಗಿರಣಿಯವನು ತನ್ನ ಬೊಗಸೆ ತೆಗೆದುಕೊಂಡ ಮೇಲೆ ಉಳಿದದ್ದನ್ನು ತಾನೇ ನಮ್ಮ ಹಿಟ್ಟು ಎನ್ನುವುದು? ಆ ಕಡೆಯ ಪದ್ಧತಿಯಲ್ಲಿ ಮೊದಲ ಕರು ಸಾಕಿದವನಿಗೆ, ಎರಡನೆಯದು ಒಡೆಯನಿಗೆ. ಹಾಗಾಗಿ ಅವಳ ಲೆಕ್ಕದಲ್ಲಿ ಸರಕಾರದ ಹೆಣ್ಣುಗರು ಎರಡನೆಯ ಸೂಲಿನ ಮೇಲಿನ ಮಾತು. ಲುಬೆನ್ ಇದನ್ನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಏಳು ತಿಂಗಳು ಹೀಗೇ ನಡೆಯಿತು. ಒಂದು ಸೋಮವಾರ ಸೆಲಾನಿ ಅಂಗಳದಲ್ಲಿ ಜೋಳ ಕೇರುತ್ತಿದ್ದಾಗ ಬೇಲಿಯಾಚೆಯಿಂದ, ಬೇರೆಯವರ ಅಂಗಳಕ್ಕೆ ಕಾಲಿಡುವ ಮೊದಲು ಎಲ್ಲರೂ ಕೂಗುವ ಕೂಗು ಕೇಳಿತು.

“ಮರ್ಯಾದೆ!”

“ಗೌರವ! ಒಳಗೆ ಬಾರೇ, ಬೇಲಿಗೆ ಯಾಕೆ ಮರ್ಯಾದೆ ಮಾಡ್ತಾ ನಿಂತಿದ್ದೀಯ.”

ಬಂದವಳು ಇಮಾಕುಲಾ. ಸೆಲಾನಿಯ ಕಿರಿಯ ಮಗನಿಗೆ ಚರ್ಚಿನಲ್ಲಿ ಹೆಸರಿಡುವಾಗ ಎತ್ತಿಕೊಂಡವಳು, ಹಾಗಾಗಿ ಅಕ್ಕತಂಗಿಗಿಂತ ಒಂದು ಕೈ ಹತ್ತಿರದವಳು. ಹಸುವಿನ ಸರದಿಯಲ್ಲಿ ಸೆಲಾನಿಯ ನಂತರದವಳೂ ಅವಳೇ.

“ಗುರುವಾರ ಲುಬೆನ್ ಸಾಹೇಬ್ರು ಬರ್ತಾರಂತೆ. ಮೇಷ್ಟ್ರಿಗೆ ಫೋನ್ ಬಂತು. ಮನೆಮನೆಗೂ ಹೋಗಿ ಹಸು ನೋಡ್ತಾರಂತೆ. ಸರಕಾರ ಚುಚ್ಚಿದ ಕಿವಿ ಬಿಲ್ಲೆನೂ ನೋಡ್ತಾರಂತೆ.”

“ನೋಡ್ಲಿ. ನೋಡಿದ್ರೆ ಹಸು ಸವೆಯುತ್ತಾ?”

“ನೋಡೋಕೆ ಹಸು ಎಲ್ಲಿದೆಯೇ ತಾಯಿ? ಸಾಲ ತಗೊಂಡವಳ ಅಂಗಳದಲ್ಲೇ ಇರ್ಬೇಕಂತೆ. ಇಲ್ದಿದ್ರೆ ವಾಪಸ್ಸು. ಹೊಳೆಯಾಚೆ ಇಬ್ಬರದ್ದು ಹೊಡ್ಕೊಂಡೇ ಹೋದ್ರಂತೆ.”

ಸೆಲಾನಿ ಮೊರ ಕೆಳಗಿಟ್ಟಳು. “ಹೀಗಂತ ಆವತ್ತು ಹೇಳಿದ್ರಾ?”

“ಹೇಳಿದ್ರು. ನೀನು ಆಗ ಹಸು ಹಲ್ಲು ನೋಡ್ತಿದ್ದೆ.”

ಮರುದಿನ ಬೆಳಿಗ್ಗೆ ಮಕ್ಕಳಿಗೆ ಕಾಫಿ, ಮರಗೆಣಸಿನ ರೊಟ್ಟಿ ಕೊಟ್ಟು ಶಾಲೆಗೆ ಅಟ್ಟಿ, ಸೆಲಾನಿ ಗುಡ್ಡ ಹತ್ತಿದಳು. ಒಂದು ದಿನದ ಮಟ್ಟಿಗೆ ಹಸುವನ್ನು ಕೆಳಗೆ ಕರೆದುಕೊಂಡು ಹೋಗಿ, ಸಾಹೇಬರಿಗೆ ತೋರಿಸಿ, ಮತ್ತೆ ತಂದುಬಿಡುವುದು ಎಂದು ಅಂದುಕೊಂಡಿದ್ದಳು. ಮಧ್ಯದಲ್ಲಿ ಒಂದು ಆಳವಾದ ಕೊರಕಲು ಇದೆ. ಆಡು ಕೂಡ ಯೋಚನೆ ಮಾಡಿ ಇಳಿಯುವಂಥ ಜಾಗ. ಆದರೆ ಏಳು ತಿಂಗಳ ಹಿಂದೆ ಹಸು ಹತ್ತಿತ್ತಲ್ಲ, ಇಳಿಯುತ್ತದೆ ಎಂದುಕೊಂಡಳು.

ದೊರ್ಸೆನ್ ಮಾವಿನ ಮರದ ಕೆಳಗೆ ಕೂತು ಹಗ್ಗ ಹೊಸೆಯುತ್ತಿದ್ದ. ಎಪ್ಪತ್ತು ದಾಟಿದ ಮುದುಕ, ತಲೆಯ ಮೇಲೆ ಅಂಚು ಹರಿದ ಹುಲ್ಲಿನ ಟೋಪಿ.

“ಬಾ ಒಡತಿ, ಬಾ. ಮೊದ್ಲು ಕೇಳೋದು ಕೇಳು, ಆಮೇಲೆ ಕೂತ್ಕೋ.”

ಸೆಲಾನಿಗೆ ನಗು ಬಂತು. “ಹೇಗಿದೆ ಮಾವ ನಮ್ದು?”

“ನಿಮ್ದು ಚೆನ್ನಾಗಿದೆ. ನಮ್ದು ಇನ್ನೂ ಚೆನ್ನಾಗಿದೆ.”

ಅವನು ಗದ್ದ ಎತ್ತಿ ತೋರಿಸಿದ ಕಡೆ ಕಂದು ಹಸು ನಿಂತಿತ್ತು. ಅದರ ಹೊಟ್ಟೆ ಇಳಿದಿತ್ತು. ಕೆಚ್ಚಲಿಗೆ ಬಾಯಿ ಹಾಕಿ ಗುದ್ದುತ್ತಿದ್ದ ಕರುವಿನ ಒಂದು ಹಿಂಗಾಲು ಮಾತ್ರ ಬಿಳಿ. ದೃಷ್ಟಿಯಾಗದಿರಲೆಂದು ಮುದುಕ ಆಗಲೇ ಅದರ ಕೊರಳಿಗೆ ಕೆಂಪು ಬಟ್ಟೆ ಕಟ್ಟಿದ್ದ. ಸೆಲಾನಿ ಹತ್ತಿರ ಹೋಗಿ ಬಾಲ ಎತ್ತಿ ನೋಡಿದಳು. ಹೆಣ್ಣು.

“ಹೇಳಿ ಕಳಿಸ್ಬಾರ್ದಾ ಮಾವ?”

“ಹೋದ ಭಾನುವಾರ ಕರು ಬಿಟ್ಟು ಇಳಿಯೋಕಾಗ್ಲಿಲ್ಲ, ಬರೋ ಭಾನುವಾರ ಪ್ರಾರ್ಥನೆಗೆ ಇಳಿದಾಗ ಹೇಳೋಣ ಅಂತಿದ್ದೆ. ಎಂಟು ದಿನ ಆಯ್ತು. ಒಳ್ಳೆ ಕರು. ನನ್ನ ಪಾಲಿಗೆ ಇಷ್ಟು ವರ್ಷ ಬಂದಿದ್ದೆಲ್ಲ ಹೋರಿ, ಇದೊಂದು ಹೆಣ್ಣು ಬಂತು ನೋಡು.”

ಸೆಲಾನಿ ಕೂತಳು. ಸಾಹೇಬರು ಬರುವ ವಿಷಯ ಹೇಳಿದಳು. ಒಂದು ದಿನಕ್ಕೆ ಕರೆದುಕೊಂಡು ಹೋಗಬಹುದೇ ಎಂದು ಕೇಳಿದಳು.

“ಎಂಟು ದಿನದ ಕರು ಆ ಕೊರಕಲು ಇಳಿಯುತ್ತಾ? ಕರು ಬಿಟ್ಟು ತಾಯಿನ ಕರ್ಕೊಂಡು ಹೋದ್ರೆ, ಅದು ಕೂಗೋ ಕೂಗಿಗೆ ನಿಮ್ಮ ಸಾಹೇಬ ಪಟ್ಟಣದಿಂದಲೇ ವಾಪಸ್ ಹೋಗ್ತಾನೆ.”

“ಮಾವ, ಇನ್ನೊಂದು ಮಾತಿದೆ. ಮೊದಲ ಹೆಣ್ಣುಗರು ಸರಕಾರಕ್ಕೆ ಕೊಡ್ಬೇಕು. ಹಾಗಂತ ಒಪ್ಕೊಂಡು ತಂದಿದ್ದು.”

ದೊರ್ಸೆನ್ ಹಗ್ಗ ಹೊಸೆಯುವುದನ್ನು ನಿಲ್ಲಿಸಲಿಲ್ಲ. “ಕೊಡು. ನಿನ್ನ ಮೊದಲ ಹೆಣ್ಣುಗರು ಹುಟ್ಟಿದಾಗ ಕೊಡು.”

“ಅವರು ಇದನ್ನೇ ಕೇಳ್ತಾರೆ.”

“ಇದು ನನ್ನದು. ಫೆಬ್ರವರಿಯಲ್ಲಿ ಮೇಲಿನ ಊಟೆ ಬತ್ತಿ ಹೋದಾಗ ಕೆಳಗಿನಿಂದ ತಲೆ ಮೇಲೆ ನೀರು ಹೊತ್ತು ತಂದು ಕುಡಿಸಿದ್ದು ನಾನು. ಸರಕಾರ ಒಂದು ಕೊಡ ಹೊತ್ತಿದ್ರೆ ಹೇಳು, ಒಂದು ಕಾಲು ಅದಕ್ಕೂ ಕೊಡೋಣ. ಆ ಬಿಳಿ ಕಾಲು ಕೊಡೋಣ.”

“ನಿನ್ನ ಪಾಲು ಇಲ್ಲ ಅಂತ ನಾನು ಅನ್ನಲ್ಲ ಮಾವ.”

“ಅನ್ನಲ್ಲ. ಕೊಡೋದೂ ಇಲ್ಲ. ಹಾಗಾದ್ರೆ ಏನು ಬಂತು? ನೋಡು ಮಗಳೇ, ಆವತ್ತು ನೀನು ಸುಳ್ಳು ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಆದ್ರೆ ಒಂದು ಕರುಗೆ ಎರಡು ಹಗ್ಗ ಹಾಕಿದವಳು ನೀನು. ಯಾವುದು ಬಿಚ್ಚಬೇಕು ಅಂತ ನೀನೇ ನೋಡ್ಕೋ. ಬೇಕಾದ್ರೆ ನಿಮ್ಮ ಸಾಹೇಬನ್ನ ಇಲ್ಲಿಗೇ ಕರ್ಕೊಂಡು ಬಾ.”

ಅವಳು ಎದ್ದಾಗ ಮುದುಕ ಒಂದು ಬೆಣ್ಣೆಹಣ್ಣು ಕೊಟ್ಟು ಕಳಿಸಿದ. ಜಗಳವಾಗಿದ್ದರೂ ಬರಿಗೈಯಲ್ಲಿ ಕಳಿಸುವ ಮನುಷ್ಯನಲ್ಲ. ಅದರಿಂದ ಸೆಲಾನಿಯ ಮನಸ್ಸು ಇನ್ನಷ್ಟು ಭಾರವಾಯಿತು. ಇಳಿಯುತ್ತಾ ಎರಡೂ ಕಡೆ ತೂಗಿ ನೋಡಿದಳು. ಕರು ಕೊಡದಿದ್ದರೆ ಸರಕಾರ ಹಸುವನ್ನೇ ಒಯ್ಯುತ್ತದೆ. ಕೊಟ್ಟರೆ ದೊರ್ಸೆನ್‌ಗೆ ಮೋಸ. ಅದು ಅವನೊಬ್ಬನ ಮಾತಾಗಿ ನಿಲ್ಲುವುದಿಲ್ಲ. ಸಾಕಿದವನ ಪಾಲು ತಿಂದವಳು ಎಂದು ಒಂದು ಸಲ ಹೆಸರಾದರೆ ಆ ಗುಡ್ಡದಲ್ಲಿ ಒಬ್ಬರೂ ಅವಳ ಕೋಳಿಮರಿಯನ್ನೂ ಸಾಕಿಕೊಡುವುದಿಲ್ಲ, ಅವಳಿಗೆ ಸಾಕಲು ಕೊಡುವುದೂ ಇಲ್ಲ. ಮಾದಾಂ ಪ್ರೆವಿಲ್‌ರ ಕಿವಿಗೆ ಬೀಳಲು ಎಷ್ಟು ಹೊತ್ತು? ಸಂತೆ ವಾರಕ್ಕೆರಡು ಸಲ ಸೇರುತ್ತದೆ.

ಬೇಲಿಯ ಹತ್ತಿರ ಇಮಾಕುಲಾ ಕಾಯುತ್ತಿದ್ದಳು. ಹಸುವನ್ನು ತರಲಾಗಲಿಲ್ಲ ಎಂದು ಕೇಳಿದ್ದೇ ತಡ, ಅವಳು ಉಪಾಯ ಹೂಡಿದಳು.

“ಬಿಲ್ಲೆ ಒಂದು ಬಿಚ್ಚಿಸ್ಕೊಂಡು ಬಾ. ಈ ಬಿಳಿ ಹಸು ಕಿವಿಗೆ ಚುಚ್ಚೋಣ.”

“ಅದು ಕಂದು, ಇದು ಬಿಳಿ ಕಣೇ.”

“ಬಿಸಿಲಿಗೆ ಬಣ್ಣ ಹೋಯ್ತು ಅನ್ನು. ಸರಕಾರದ ಸಾಮಾನಲ್ವಾ, ನಂಬ್ತಾರೆ.”

ಸೆಲಾನಿ ನಗಲಿಲ್ಲ. “ಕರು ಹಾಕಿದೆ ಇಮಾಕುಲಾ. ಹೆಣ್ಣು.”

ಇಮಾಕುಲಾ ಎರಡೂ ಕೈಯನ್ನು ಬಾಯಿಯ ಮೇಲಿಟ್ಟುಕೊಂಡಳು. ಹಿತ್ತಿಲಲ್ಲಿ ಗಿನಿಹುಲ್ಲು ನೆಟ್ಟು ಮೂರು ತಿಂಗಳಾಗಿದೆ, ಗೊತ್ತಾ ನಿಂಗೆ, ನಮ್ಮನೆಯವರು ಗೂಟ ಕೂಡ ಕಡಿದಿಟ್ಟಿದ್ದಾರೆ, ಹೇಗಿದೆ ಬಣ್ಣ, ಕಾಲು ಗಟ್ಟಿ ಇದೆಯಾ, ಎಂದು ಒಂದೇ ಉಸಿರಿಗೆ ಕೇಳಿದಳು. ಸೆಲಾನಿ ಕೆಂಪು ಬಟ್ಟೆಯ ವಿಷಯ ಹೇಳುವವರೆಗೂ ಅವಳ ಮಾತು ನಿಲ್ಲಲಿಲ್ಲ.

“ನನ್ನ ಕರು ಕೊರಳಿಗೆ ಆ ಮುದುಕನ ಬಟ್ಟೆ ಯಾಕೆ?”

“ಸಾಕಿದವನು ಅವನಲ್ವಾ.”

“ಸರಿ. ನನ್ನ ಮುಖ ನೋಡಿ ಹೇಳು. ಆ ಕರು ಯಾರ್ದು?”

ಸೆಲಾನಿ ಕೈಯಲ್ಲಿದ್ದ ಬೆಣ್ಣೆಹಣ್ಣನ್ನು ತಿರುಗಿಸಿ ನೋಡಿದಳು. ಇಮಾಕುಲಾ ಬಂದ ದಾರಿಯಲ್ಲೇ ಹೋದಳು. ಹೋಗುವಾಗ ಎಂದಿನಂತೆ ಕಿರಿಯವನ ತಲೆ ಸವರಿ ಹೋಗಲಿಲ್ಲ.

ಗುರುವಾರ ಲುಬೆನ್ ಬಂದಾಗ ಅವನ ಬೈಕಿನ ಮೇಲೆಲ್ಲ ಕೆಂಪು ಧೂಳು. ಅಂಗಳದಲ್ಲಿ ನಿಂತ ಬಿಳಿ ಹಸುವನ್ನು ನೋಡಿದ, ಅದರ ಬರಿಯ ಕಿವಿಯನ್ನು ನೋಡಿದ, ಆಮೇಲೆ ಸೆಲಾನಿಯನ್ನು ನೋಡಿದ. ಬಿಲ್ಲೆಯ ಉಪಾಯ ಅವಳ ತಲೆಯಲ್ಲಿ ಎರಡು ದಿನ ಸುಳಿದಾಡಿದ್ದು ನಿಜ. ಈಗ ಅವಳು ನೇರವಾಗಿ ಹೇಳಿದಳು.

“ಇದು ಮಾದಾಂ ಪ್ರೆವಿಲ್‌ರದ್ದು ಸಾಹೇಬ್ರೇ. ನಂದು ಗುಡ್ಡದ ಮೇಲಿದೆ.”

ಲುಬೆನ್ ಕುರ್ಚಿ ಎಳೆದುಕೊಂಡು ಕೂತ. “ಇವತ್ತು ಇದು ನಾಲ್ಕನೇ ಅಂಗಳ ಅಮ್ಮ. ನಾಲ್ಕರಲ್ಲೂ ಹಸು ಇದೆ. ಒಂದೂ ಆ ಮನೆಯವಳದ್ದಲ್ಲ. ನಿಮ್ಮೂರಲ್ಲಿ ಗಂಡಸರಾದ್ರೂ ಅವರವರ ಮನೇಲೇ ಇದ್ದಾರಾ?”

“ಅದನ್ನ ನನ್ನ ಕೇಳ್ಬೇಡಿ. ಕಾಫಿ ಕುಡೀರಿ.”

ಅವನು ನಕ್ಕ, ಕುಡಿದ. ಸಕ್ಕರೆ ಸಾಕಷ್ಟು ಇತ್ತು. ಆಮೇಲೆ ಹೇಳಿದ. “ನಮ್ಮಮ್ಮನೂ ಪಾಲಿಗೇ ಬಿಡ್ತಿದ್ಲು. ನಾನು ಓದಿದ್ದೇ ಆ ಪಾಲಿನಲ್ಲಿ. ಆದ್ರೆ ಇಲ್ಲಿ ಮಾತು ಬೇರೆ. ಹೋದ ವರ್ಷ ಆಚೆ ಕಡೆ ಹಸು ಒಬ್ಬರಿಂದ ಒಬ್ಬರಿಗೆ, ಅವರಿಂದ ಇನ್ನೊಬ್ಬರಿಗೆ ದಾಟಿ ದಾಟಿ, ಕೊನೆಗೆ ಕಟುಕನ ಹತ್ರ ಹೋಗಿತ್ತು. ಕೇಳಿದ್ರೆ ಪ್ರತಿಯೊಬ್ಬರೂ ತಮ್ಮ ಪಾಲು ಸರಿಯಾಗಿದೆ ಅಂತಾರೆ. ಸರದಿಯಲ್ಲಿ ಕಾಯ್ತಿದ್ದ ಹೆಂಗಸರಿಗೆ ನಾನು ಏನಂತ ಹೇಳ್ಲಿ?”

ಅವನು ಹೇಳಿದ್ದು ನ್ಯಾಯವಾಗಿತ್ತು. ಎರಡು ದಿನದಿಂದ ಅವಳಿಗೆ ಸಿಕ್ಕವರೆಲ್ಲ ನ್ಯಾಯವಾದದ್ದನ್ನೇ ಹೇಳುತ್ತಿದ್ದರು, ಅದೇ ಕಷ್ಟವಾಗಿತ್ತು.

“ಆ ಕಡಸು ಯಾರ್ದು?” ಲುಬೆನ್ ಅಡಿಗೆಮನೆಯ ಹಿಂದಕ್ಕೆ ಬೆರಳು ಮಾಡಿದ.

“ಅದು ನಂದೇ. ಈ ಬಿಳಿ ಹಸು ಸಾಕಿದ್ದಕ್ಕೆ ಬಂದ ಪಾಲು.”

ಭಾನುವಾರ ಹುಟ್ಟಿದ್ದರಿಂದ ಅದನ್ನು, ಅವರ ಮಾತಿನಲ್ಲಿ ಆ ವಾರದ ಹೆಸರಾದ ದಿಮಾಂಶ್ ಎಂದೇ ಕರೆಯುತ್ತಿದ್ದರು. ವರ್ಷ ತುಂಬಿ ನಾಲ್ಕು ತಿಂಗಳಾಗಿತ್ತು. ಅಕ್ಟೋಬರಿನಲ್ಲಿ ಅದನ್ನು ಮಾರಿ ದೊಡ್ಡ ಮಗಳನ್ನು ಪಟ್ಟಣದ ಶಾಲೆಗೆ ಸೇರಿಸುವುದು ಎಂದು ಮನೆಯಲ್ಲಿ ಮಾತಾಗಿತ್ತು. ಮಗಳು ಆಗಲೇ ಪಟ್ಟಣದಲ್ಲಿ ಯಾರ ಮನೆಯಲ್ಲಿ ಉಳಿಯುವುದು ಎಂದೂ ನೋಡಿಟ್ಟಿದ್ದಳು. ಸರಕಾರದ ಹಸು ಬರುವ ಮೊದಲು ಸೆಲಾನಿಗೆ ತನ್ನದು ಎಂದು ಇದ್ದದ್ದು ಅದೊಂದೇ. ಆದರೂ ಅದನ್ನು ಅವಳು ಎಂದೂ ಒಡೆತನ ಎಂದು ಎಣಿಸಿರಲಿಲ್ಲ. ಅದು ಕೂಲಿ.

ಲುಬೆನ್ ಗುಡ್ಡ ಹತ್ತುತ್ತೇನೆ ಎಂದ. ಸೆಲಾನಿ ಮುಂದೆ, ಅವನು ಹಿಂದೆ. ಊರ ಕೊನೆಯಲ್ಲಿ ಇಮಾಕುಲಾ ಬಂದು ಸೇರಿಕೊಂಡಳು. ಕೊರಕಲಿನಲ್ಲಿ ಲುಬೆನ್‌ನ ಬೂಟು ಎರಡು ಸಲ ಜಾರಿತು. ಮೇಲಿನಿಂದ ದೊರ್ಸೆನ್ ನೋಡುತ್ತಿದ್ದ.

“ಬನ್ನಿ, ಬನ್ನಿ. ಸರಕಾರ ಇಷ್ಟು ಎತ್ತರಕ್ಕೆ ಬಂದಿದ್ದು ಇದೇ ಮೊದ್ಲು. ನೀರು ಕೊಡ್ಲಾ?”

“ಕೊಡಿ ಅಜ್ಜ.”

ನೀರು ಕುಡಿದು ಲುಬೆನ್ ಹಸುವಿನ ಬಿಲ್ಲೆ ನೋಡಿದ, ಕೆಚ್ಚಲು ಮುಟ್ಟಿ ನೋಡಿದ, ಕರುವಿನ ಹೊಕ್ಕಳು ನೋಡಿದ. ಚೆನ್ನಾಗಿ ನೋಡಿಕೊಂಡಿದ್ದೀರಿ ಎಂದ. ಅದು ಬಾಯಿಮಾತಾಗಿರಲಿಲ್ಲ. ಆಮೇಲೆ ನಿಂತುಕೊಂಡೇ ಹೇಳಿದ. ಕರುವಿನ ಕಾಲು ಬಲಿತ ಮೇಲೆ, ಮೂರು ವಾರದೊಳಗೆ, ಎರಡೂ ಕೆಳಗಿಳಿಯಬೇಕು. ಹಾಲು ಬಿಟ್ಟ ಮೇಲೆ ಕರು ಇಮಾಕುಲಾಗೆ. ಆಗದಿದ್ದರೆ ಹಸುವನ್ನು ಬೇರೆಯವರಿಗೆ ಕೊಡಬೇಕಾಗುತ್ತದೆ.

“ನನ್ನ ಪಾಲು?” ಎಂದ ದೊರ್ಸೆನ್.

“ಅದು ನಿಮ್ಮಿಬ್ಬರ ಮಧ್ಯದ್ದು ಅಜ್ಜ. ನನ್ನ ಹತ್ರ ಅದಕ್ಕೆ ಜಾಗ ಇಲ್ಲ.”

“ಜಾಗ ಇಲ್ವಂತೆ,” ದೊರ್ಸೆನ್ ಕರುವಿನ ಕಡೆ ತಿರುಗಿ ಹೇಳಿದ. “ಕೇಳಿಸ್ತಾ? ಇಷ್ಟು ದೊಡ್ಡ ಸರಕಾರದಲ್ಲಿ ನಿನ್ನ ಅಪ್ಪನಿಗೆ ಜಾಗ ಇಲ್ಲ.”

ಇಮಾಕುಲಾ ಅಷ್ಟರಲ್ಲಿ ಕರುವಿನ ಹತ್ತಿರ ಕೂತಿದ್ದಳು. ಮುಟ್ಟಿರಲಿಲ್ಲ. ಮುಟ್ಟಲು ಯಾರನ್ನು ಕೇಳಬೇಕು ಎಂದು ಅವಳಿಗೆ ತಿಳಿದಿರಲಿಲ್ಲ.

ಸೆಲಾನಿ ಮೂವರನ್ನೂ ನೋಡಿದಳು. ಮೂವರೂ ಅವಳನ್ನೇ ನೋಡುತ್ತಿದ್ದರು. ಬಾಯಿಬಿಡುವ ಮೊದಲು ಮಗಳ ಮುಖ ಕಣ್ಣೆದುರಿಗೆ ಬಂದು ಹೋಯಿತು.

“ದೊರ್ಸೆನ್ ಮಾವ, ಕೆಳಗೆ ನನ್ನದೊಂದು ಕಡಸಿದೆ. ವರ್ಷ ದಾಟಿದೆ. ಈ ಕರು ಬದಲಿಗೆ ಅದನ್ನ ತಗೋ.”

ಮುದುಕ ಟೋಪಿ ಹಿಂದಕ್ಕೆ ಸರಿಸಿದ. “ಆ ಮಾದಾಂ ಪ್ರೆವಿಲ್ ಹಸುಗೆ ಹುಟ್ಟಿದ್ದಾ? ಅದರ ತಾಯಿ ಬೆನ್ನ ಮೇಲೆ ಬಟ್ಟೆ ಒಣಗೋಕೆ ಹಾಕ್ಬಹುದು.”

“ಅಮ್ಮ ಒಣಕಲು, ಮಗಳು ಹಾಗಿಲ್ಲ. ಬಂದು ನೋಡು.”

“ಇದು ನಾನು ಕೈಯಾರೆ ಎಳೆದು ಹೊರಗೆ ತೆಗೆದ ಕರು.”

“ಗೊತ್ತು ಮಾವ. ಅದಕ್ಕೇ ಕರು ಬದಲು ಕಡಸು ಕೊಡ್ತಿರೋದು. ನಿಂಗೆ ಒಂದು ವರ್ಷದ ಹುಲ್ಲು ಉಳೀತು.”

“ಒಂದು ವರ್ಷದ ಹುಲ್ಲಿಗಿಂತ ಕೊಟ್ಟ ಮಾತು ದುಬಾರಿ,” ಎಂದ ದೊರ್ಸೆನ್. ಆದರೆ ಆಗಲೇ ಅವನ ಕಣ್ಣು ಲೆಕ್ಕ ಹಾಕುತ್ತಿತ್ತು. “ನೋಡ್ತೀನಿ. ಹಲ್ಲು ನೋಡಿ ಹೇಳ್ತೀನಿ.”

ಇಳಿಯುವಾಗ ಲುಬೆನ್ ಬೂಟು ಜಾರದಂತೆ ನೋಡಿಕೊಳ್ಳುತ್ತಾ ಮುಂದೆ ಹೋದ. ಇಮಾಕುಲಾ ಹಿಂದಿನಿಂದ ಬಂದು ಸೆಲಾನಿಯ ತೋಳು ಹಿಡಿದಳು.

“ಹುಡುಗಿ ಶಾಲೆ?”

“ಅಕ್ಟೋಬರ್ ಇನ್ನೂ ದೂರ ಇದೆ. ಹಾಲು ಬರುತ್ತಲ್ಲ.”

“ಆ ಹಾಲಲ್ಲಿ ಅರ್ಧ ನನ್ನ ಕರು ಕುಡೀತದೆ.”

“ಕುಡೀಲಿ ಬಿಡು. ನಿನ್ನ ಕರು ಅಂದೆಯಲ್ಲ, ಅಷ್ಟು ಸಾಕು.”

ಮನೆಯಲ್ಲಿ ವಿಷಯ ಹೇಳಿದಾಗ ಮಗಳು ಅಳಲಿಲ್ಲ, ಎದುರಾಡಲಿಲ್ಲ. ಎರಡು ದಿನ ಅಮ್ಮನ ಜೊತೆ ಮಾತಾಡಲಿಲ್ಲ, ಅಷ್ಟೇ. ಮೂರನೆಯ ದಿನ ಪಟ್ಟಣದಲ್ಲಿ ಹಾಲು ಯಾರು ಕೊಳ್ಳುತ್ತಾರೆ ಎಂದು ತಾನಾಗಿಯೇ ಕೇಳಿದಳು.

ಹೇಳಿದ ಗಡುವಿಗೆ ಒಂದು ದಿನ ಮೊದಲೇ ದೊರ್ಸೆನ್ ಹಸುವನ್ನೂ ಕರುವನ್ನೂ ಇಳಿಸಿಕೊಂಡು ಬಂದ. ಕೊರಕಲಿನಲ್ಲಿ ಕರುವನ್ನು ಹೆಗಲ ಮೇಲೆ ಹೊತ್ತು ದಾಟಿಸಿದ್ದ, ಅಂಗಿಯ ತುಂಬ ಕರುವಿನ ಗಂಜಲ. ಕಂದು ಹಸುವನ್ನು ಸೆಲಾನಿಯ ಅಂಗಳದಲ್ಲಿ ಕಟ್ಟಿ, ಕೈ ಒರೆಸಿಕೊಂಡು, ದಿಮಾಂಶ್‌ಳ ಹತ್ತಿರ ಹೋದ. ಬಾಯಿ ತೆರೆಸಿ ಹಲ್ಲು ನೋಡಿದ. ಒಂದೊಂದೇ ಗೊರಸು ಎತ್ತಿ ನೋಡಿದ. ಹಿಂದೆ ನಿಂತು ಬಹಳ ಹೊತ್ತು ಅದರ ಸೊಂಟ ನೋಡಿದ. ಸೆಲಾನಿ ಒಲೆಯ ಮುಂದೆ ಕೂತು ಅಂಬಲಿ ತಿರುವುತ್ತಿದ್ದಳು. ತಿರುವುವ ಅಗತ್ಯ ಇರಲಿಲ್ಲ.

“ತೆಳ್ಳಗಿದೆ,” ಎಂದ ದೊರ್ಸೆನ್.

“ಕೆಳಗಿನ ಹುಲ್ಲು ಮಾವ. ನಿನ್ನ ಗುಡ್ಡದಲ್ಲಿ ತುಂಬ್ಕೊಳ್ಳುತ್ತೆ.”

“ಹೂಂ. ನೀನು ಚೆನ್ನಾಗಿ ಸಾಕಿದ್ದೀಯ ಅಂತ ಹೇಳಿದ್ರೆ ಬೆಲೆ ಏರುತ್ತೆ. ಅದಕ್ಕೆ ಹೇಳಲ್ಲ.” ಅವನು ತನ್ನ ಹೊಸ ಹಗ್ಗ ಬಿಚ್ಚಿ ಕಡಸಿನ ಕೊರಳಿಗೆ ಹಾಕಿದ. ಸೆಲಾನಿ ತನ್ನ ಹಳೆಯ ಹಗ್ಗ ತೆಗೆದುಕೊಂಡಳು. ಇಮಾಕುಲಾ ಸಾಕ್ಷಿಗೆ ನಿಂತಿದ್ದಳು. ಲೆಕ್ಕ ಅಲ್ಲಿಗೆ ಚುಕ್ತಾ ಆಯಿತು.

“ಇವಳ ಮುಂದಿನ ಸೂಲಿಗೆ ಬೇಕಾದ್ರೆ ಮತ್ತೆ ನನ್ನ ಹತ್ರ ತಾ,” ಎಂದ ದೊರ್ಸೆನ್, ಕಂದು ಹಸುವಿನ ಕಡೆ ನೋಡುತ್ತಾ. “ಆದ್ರೆ ಸರಕಾರನ್ನ ಕರ್ಕೊಂಡು ಬರ್ಬೇಡ. ನೀರು ಜಾಸ್ತಿ ಕುಡೀತದೆ.”

ದಿಮಾಂಶ್ ಬೇಲಿಯವರೆಗೆ ಹೋಗಿ ನಿಂತಿತು. ಮುದುಕ ಎಳೆದ. ನಾಲ್ಕೂ ಕಾಲು ಊರಿ, ಕುತ್ತಿಗೆ ಚಾಚಿ, ಅದು ಅಂಗಳದ ಕಡೆ ತಿರುಗಿ ಕೂಗಿತು. ಅವನು ಇನ್ನೊಮ್ಮೆ ಎಳೆದ. ಅಲ್ಲಾಡಲಿಲ್ಲ.

“ನಿನ್ನ ಮಾತೇ ಕೇಳೋದು ಇದು. ಸ್ವಲ್ಪ ದೂರ ಬಾರಮ್ಮ.”

ಸೆಲಾನಿ ಒಲೆಯ ಕೊಳ್ಳಿ ಹಿಂದಕ್ಕೆಳೆದು, ಕೋಲು ತೆಗೆದುಕೊಂಡು, ಹಿಂದೆ ನಿಂತಳು. ಹೋಯ್ ಎಂದಳು. ಕಡಸು ಅವಳ ದನಿ ಕೇಳಿ ಹೆಜ್ಜೆ ಇಟ್ಟಿತು. ದೊರ್ಸೆನ್ ಮುಂದೆ ಹಗ್ಗ ಹಿಡಿದು, ಅವಳು ಹಿಂದೆ ಕೋಲು ಹಿಡಿದು, ಗಿನಿಹುಲ್ಲಿನ ದಿಬ್ಬ ದಾಟಿ ಕೊರಕಲಿನವರೆಗೂ ಹೋದರು. ಅಲ್ಲಿ ಅವಳು ನಿಂತಳು. ಕಡಸು ಹಿಂದಕ್ಕೆ ನೋಡಿತು. ಹೋಗು ಎಂದು ಅವಳು ಇನ್ನೊಮ್ಮೆ ಹೇಳಬೇಕಾಯಿತು, ಹೇಳಿದಳು.

ಅದು ಆಚೆ ದಡ ಹತ್ತಿದ ಮೇಲೆ ಸೆಲಾನಿ ಸೊಂಟದ ಕುಡುಗೋಲು ತೆಗೆದು ಅಲ್ಲೇ ಹುಲ್ಲು ಕೊಯ್ಯಲು ಕೂತಳು. ಮನೆಯಲ್ಲಿ ಈಗ ಎರಡು ಹಸು ಕಾಯುತ್ತಿದ್ದವು. ಒಂದು ಮಾದಾಂ ಪ್ರೆವಿಲ್‌ರದ್ದು, ಒಂದು ಅವಳದು. ಎರಡಕ್ಕೂ ಹೊಟ್ಟೆ ಒಂದೇ ಅಳತೆಯದು.